‘ಮೊದಲು ಯಾರು ಶುರು ಮಾಡಿದ್ದು?’ ಎಂದು ಕೇಳುವುದನ್ನು ಬಿಟ್ಟ ಮೇಲೆ

ಒಂದು ಕೈವಾರದ ಸಲುವಾಗಿ ಎರಡು ಓಣಿಗಳು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಕಿಡಿ ಹೊತ್ತಿಸಿದವರು ಆರನೇ ತರಗತಿಯ ಇಬ್ಬರು ಹುಡುಗರು. ಅದಕ್ಕೆ ಸೀಮೆಎಣ್ಣೆ ಸುರಿದವನು ನಾನು, ಅವರ ಗಣಿತದ ಮಾಸ್ತರ.

ಹಾವೇರಿ ಜಿಲ್ಲೆಯ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. 2012ರ ಚಳಿಗಾಲ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಬರಲು ಶುರುವಾಗಿ ಊರಿನ ಅರ್ಧ ಹೆಂಗಸರು ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದ ದಿನಗಳು. ನಾನು ಬೋರ್ಡಿನ ಮೇಲೆ ವೃತ್ತ ಬರೆಯುತ್ತಿದ್ದೆ. ಹಿಂದಿನಿಂದ ಬೆಂಚು ಸರಿದ ಸದ್ದು, ಆಮೇಲೆ ಅಂಗಿ ಹರಿದ ಸದ್ದು.

“ಸರ್ರ, ಇವ ನನ್ನ ಕೈವಾರ ಕಸಗೊಂಡಾನ್ರಿ.”

“ಇಲ್ರಿ ಸರ್ರ, ಇದು ನಂದ ಐತ್ರಿ. ಬೇಕಾದ್ರ ನಮ್ಮವ್ವನ್ನ ಕೇಳ್ರಿ.”

“ಮೊದಲ ಯಾರು ಶುರು ಮಾಡಿದ್ದು?” ಎಂದೆ. ಇಬ್ಬರೂ ಒಬ್ಬರನ್ನೊಬ್ಬರು ತೋರಿಸಿದರು. ಸಾಕ್ಷಿ ಹೇಳಲು ಇಡೀ ತರಗತಿ ಎದ್ದು ನಿಂತಿತು. ಕಿಟಕಿ ಬದಿಯವರೆಲ್ಲ ಒಂದು ಪಕ್ಷ, ಬಾಗಿಲ ಬದಿಯವರೆಲ್ಲ ಇನ್ನೊಂದು. ಗಂಟೆ ಹೊಡೆಯಲು ಹತ್ತು ನಿಮಿಷ ಉಳಿದಿತ್ತು, ಪಾಠ ಮುಗಿದಿರಲಿಲ್ಲ. ಇಬ್ಬರಿಗೂ ಎರಡೆರಡು ಬಿಟ್ಟೆ. ಕೈವಾರವನ್ನು ಮೇಜಿನ ಖಾನೆಗೆ ಹಾಕಿದೆ. “ಕೈ ಕೂಡಿಸ್ರಿ, ತಪ್ಪಾತು ಅನ್ರಿ” ಎಂದೆ. ಕೂಡಿಸಿದರು, ಅಂದರು. ನ್ಯಾಯ ಮುಗಿಯಿತೆಂದು ನಾನು ತ್ರಿಜ್ಯ, ವ್ಯಾಸಕ್ಕೆ ಮರಳಿದೆ.

ಸಂಜೆ ಬೋರ್‌ವೆಲ್ ಹತ್ತಿರ ಒಬ್ಬನ ಹಣೆ ಒಡೆಯಿತು. ರಾತ್ರಿ ಅಪ್ಪಂದಿರು ಬೀದಿಗೆ ಬಂದರು. ಮರುದಿನ ಬೆಳಿಗ್ಗೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು ಮುಂದಿಟ್ಟುಕೊಂಡು ಎಂಟು ಹತ್ತು ಜನ ಶಾಲೆಯ ಗೇಟಿನಲ್ಲಿ ನಿಂತಿದ್ದರು. “ಮಾಸ್ತರ್ರ, ನಮ್ಮ ಹುಡುಗನ ಸಾಮಾನೂ ಹೋತು, ಹೊಡತಾನೂ ಬಿತ್ತು. ಇದ್ಯಾವ ನ್ಯಾಯ್ರಿ?” ಎಂದು ಒಬ್ಬರು ಕೇಳಿದರು. ಉತ್ತರ ಹೊಳೆಯಲಿಲ್ಲ. ಕೈವಾರ ಇನ್ನೂ ನನ್ನ ಖಾನೆಯಲ್ಲೇ ಇತ್ತು.

ನಿಜ ಸಂಗತಿ ಗೊತ್ತಾಗಲು ಒಂದು ವಾರ ಹಿಡಿಯಿತು. ಆ ಕಂಪಾಸ್ ಪೆಟ್ಟಿಗೆಯನ್ನು ಒಬ್ಬನ ತಾಯಿ ಮೆಣಸಿನಕಾಯಿ ಕೂಲಿಯಲ್ಲಿ ಉಳಿಸಿ ಕೊಡಿಸಿದ್ದಳು. ‘ನಮ್ಮವ್ವನ್ನ ಕೇಳ್ರಿ’ ಎಂದು ಅವನು ಅಂದದ್ದು ಅದಕ್ಕೆ. ಇನ್ನೊಬ್ಬನ ಹತ್ತಿರ ಅಂಥದೇ ಪೆಟ್ಟಿಗೆ ಇತ್ತು. ಎರಡು ದಿನದ ಹಿಂದೆ ಅದರ ಕೈವಾರ ಕಳೆದುಹೋಗಿತ್ತು. ಮನೆಯಲ್ಲಿ ಹೇಳಿದರೆ ಏಟು ಬೀಳುತ್ತದೆಂದು ಅವನು ಹೆದರಿದ್ದ. ಇಬ್ಬರಲ್ಲಿ ಯಾರೂ ಪುಂಡರಲ್ಲ. ‘ಏನಾತು?’ ಎಂದು ಕೇಳಿ ಎರಡು ನಿಮಿಷ ಸುಮ್ಮನಿದ್ದಿದ್ದರೆ ಇಷ್ಟೂ ಹೊರಬರುತ್ತಿತ್ತು. ನಾನು ಕೇಳಿದ್ದು ಪೊಲೀಸ್ ಠಾಣೆಯ ಪ್ರಶ್ನೆ.

ಟಿಸಿಎಚ್‌ನಲ್ಲಿ ಇಲ್ಲದ ಪಾಠ

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬಹುದು. 1990ರ ದಶಕದಲ್ಲಿ ಟಿಸಿಎಚ್ ಎಂಬ ಶಿಕ್ಷಕ ತರಬೇತಿ ಓದುವಾಗ ಪಾಠಯೋಜನೆ ಬರೆಯಲು ಕಲಿಸಿದರು, ಬೋರ್ಡಿನ ಮೇಲೆ ಸಾಲು ಡೊಂಕಾಗದಂತೆ ಬರೆಯಲು ಕಲಿಸಿದರು, ಬೆಂಕಿಪೊಟ್ಟಣದಿಂದ ಪಾಠೋಪಕರಣ ಮಾಡಲು ಕಲಿಸಿದರು. ಜಗಳ ಬಿಡಿಸಲು ಯಾರೂ ಕಲಿಸಲಿಲ್ಲ. ನಮ್ಮ ಕಡೆ ಅದಕ್ಕೆ ತಯಾರಿದ್ದ ಸೂತ್ರ ಒಂದೇ, ‘ಛಡಿ ಚಂ ಚಂ, ವಿದ್ಯಾ ಘಂ ಘಂ’. ನಮ್ಮ ಗುರುಗಳು ನಮಗೆ ಮಾಡಿದ್ದನ್ನು ನಾವು ನಮ್ಮ ಮಕ್ಕಳಿಗೆ ಮಾಡಿದೆವು.

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ; ತಪ್ಪಿದವರ ಮೇಲೆ ಸೇವಾ ನಿಯಮದ ಪ್ರಕಾರ ಕ್ರಮ. ಕೈವಾರದ ಜಗಳದ ಹೊತ್ತಿಗೆ ಈ ಕಾಯ್ದೆ ಬಂದು ಎರಡು ವರ್ಷ ಕಳೆದಿತ್ತು, ನನಗದು ಗೊತ್ತೂ ಇತ್ತು. ಆದ್ದರಿಂದ ನನ್ನದು ಅಜ್ಞಾನವಲ್ಲ, ತಪ್ಪೇ. ಆದರೆ ಸ್ಟಾಫ್ ರೂಮಿನಲ್ಲಿ ಅಂದು ಎಲ್ಲರೂ ಆಡುತ್ತಿದ್ದ ಮಾತನ್ನೂ ದಾಖಲಿಸಬೇಕು: “ಕೋಲು ಕಸಗೊಂಡ್ರು, ಬದಲಿಗೆ ಏನು ಕೊಟ್ರು?” ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಇನ್ನೂ ಕೆಲವು ವರ್ಷ ಬೇಕಾಯಿತು.

ಶಾಲೆಯ ಹೊರಗಿನವರಿಗೆ ನಮ್ಮ ದಿನ ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಯಾರೋ ಯಾರನ್ನೋ ನೂಕಿರುತ್ತಾರೆ. ಮುಂದಿನ ಬೆಂಚಿಗೆ ಚೀಲ ಇಟ್ಟು ಜಾಗ ಹಿಡಿದಿರುತ್ತಾರೆ. ರಬ್ಬರ್ ಕಳೆದಿರುತ್ತದೆ, ಸಿಕ್ಕಿದ್ದು ಬೇರೆಯವರ ಚೀಲದಲ್ಲಿ. ಬಿಸಿಯೂಟದಲ್ಲಿ ಮೊಟ್ಟೆ ಬೇಡವೆಂದು ಬಾಳೆಹಣ್ಣಿಗೆ ಹೆಸರು ಕೊಟ್ಟವನಿಗೆ ಈಗ ಮೊಟ್ಟೆಯೇ ಬೇಕು. ಇಬ್ಬರು ಗೆಳತಿಯರು ಠೂ ಬಿಟ್ಟು ನಡುವೆ ಮೂರನೆಯವಳನ್ನು ಅಳಿಸಿರುತ್ತಾರೆ. ಇವುಗಳ ಮಧ್ಯೆ ದೊಡ್ಡವರ ಜಗಳ ಬೇರೆ: ಬಿಸಿಯೂಟದ ಲೆಕ್ಕ ಯಾರು ಬರೆಯಬೇಕು, ಚುನಾವಣೆ ಕೆಲಸಕ್ಕೆ ಯಾರು ಹೋಗಬೇಕು, ಕೊನೆಯ ಪೀರಿಯಡ್ ಯಾವಾಗಲೂ ನನಗೇ ಯಾಕೆ. ಪಾಠ ಮಾಡುವುದು ನಮ್ಮ ಉದ್ಯೋಗ ಎನ್ನುತ್ತಾರೆ. ಅದರ ಜೊತೆಗೆ ದಿನವಿಡೀ ನ್ಯಾಯ ಹೇಳುತ್ತಿರುತ್ತೇವೆ, ಒಂದು ದಿನದ ತರಬೇತಿಯೂ ಇಲ್ಲದೆ.

ಮುಷ್ಟಿ ಬಿಚ್ಚುವ ಆಟ

ಆ ತರಬೇತಿ ನನಗೆ ಸಿಕ್ಕಿದ್ದು ತಾಲ್ಲೂಕು ಕೇಂದ್ರದಲ್ಲಿ, ಮೂರು ದಿನ. ಆದೇಶದ ಹಾಳೆಯಲ್ಲಿ ‘ಸಂಘರ್ಷ ಪರಿಹಾರ ಕೌಶಲ’ ಎಂದಿತ್ತು. ಓದಿದ ಕೂಡಲೇ ಆಕಳಿಕೆ ಬಂತು. ನಾವು ನೋಡಿರುವ ತರಬೇತಿಗಳ ಕ್ರಮವೇ ಅಂಥದು: ಉದ್ಘಾಟನೆ, ಹೂಗುಚ್ಛ, ಪರದೆಯ ಮೇಲೆ ಇಂಗ್ಲಿಷ್ ಸ್ಲೈಡು, ಮಂಡಕ್ಕಿ ಮಿರ್ಚಿ, ಸಹಿ, ಮನೆ. ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ನಿವೃತ್ತ ಹೈಸ್ಕೂಲು ಅಕ್ಕೋರು. ಸ್ಲೈಡು ಇರಲಿಲ್ಲ. ಬಂದವರೇ “ಇಬ್ಬಿಬ್ಬರು ಎದುರುಬದುರು ಕುಂದ್ರಿ. ಒಬ್ಬರು ಮುಷ್ಟಿ ಹಿಡೀರಿ. ಇನ್ನೊಬ್ಬರಿಗೆ ಅರ್ಧ ನಿಮಿಷ ಟೈಮು, ಮುಷ್ಟಿ ಬಿಚ್ಚಿಸಬೇಕು” ಎಂದರು.

ನನ್ನ ಎದುರಿಗೆ ಕುಳಿತವರು ಪಕ್ಕದ ಊರಿನ ಪಿಟಿ ಮಾಸ್ತರರು. ನಾನು ಅವರ ಹೆಬ್ಬೆರಳು ತಿರುಚಿದೆ, ಮಣಿಕಟ್ಟು ಒತ್ತಿದೆ, ಕಚಗುಳಿ ಇಟ್ಟೆ. ಹಾಲ್ ತುಂಬ ನಗು, ಏದುಸಿರು, ಬಳೆ ಸದ್ದು. ಮೂವತ್ತೈದು ನಲವತ್ತು ಜನರಲ್ಲಿ ಕೈ ಬಿಚ್ಚಿಸಿ ಸುಮ್ಮನೆ ಕುಳಿತಿದ್ದವರು ಒಬ್ಬರೇ ಶಿಕ್ಷಕಿ. “ನೀವೇನು ಮಾಡಿದ್ರಿ?” ಎಂದು ಕೇಳಿದಾಗ ಅವರು ಸಂಕೋಚದಿಂದ ಹೇಳಿದರು: “ಏನಿಲ್ರಿ, ಸ್ವಲ್ಪ ಕೈ ಬಿಚ್ಚತೀರೇನ್ರಿ ಅಂತ ಕೇಳಿದೆ. ಬಿಚ್ಚಿದ್ರು.”

ಮುಷ್ಟಿಯನ್ನು ಬಲದಿಂದ ಬಿಚ್ಚಿಸಬೇಕು ಎಂದು ಯಾರೂ ಹೇಳಿರಲಿಲ್ಲ. ನಾವೇ ಅಂದುಕೊಂಡಿದ್ದೆವು.

ಮೊದಲ ದಿನ ಮಕ್ಕಳ ಜಗಳದ ಮಾತೇ ಬರಲಿಲ್ಲ, ನಮ್ಮ ಜಗಳದ್ದೇ ಬಂತು. ನಿಮಗೆ ಯಾವ ಮಾತು ಕೇಳಿದರೆ ಕಿವಿ ಬಿಸಿಯಾಗುತ್ತದೆ? ಯಾವ ಹೊತ್ತಿನಲ್ಲಿ ಹೆಚ್ಚು ಬೈಯುತ್ತೀರಿ? ಬರೆಯುತ್ತಾ ಹೋದಾಗ ನಾನು ಹೊಡೆದದ್ದೆಲ್ಲ ಊಟದ ಬಿಡುವಿಗೆ ಮೊದಲಿನ ಪೀರಿಯಡ್ಡಿನಲ್ಲಿ ಎಂದು ತಿಳಿಯಿತು. ಹಸಿವೆ ನನ್ನದು, ಏಟು ಹುಡುಗರದು.

ಮನುಷ್ಯರು ಜಗಳವನ್ನು ಎದುರಿಸುವ ಬಗೆ ಐದು ಎಂದು ಗುರುತಿಸಿ ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಎಂಬ ಇಬ್ಬರು ಅಮೆರಿಕನ್ ವಿದ್ವಾಂಸರು 1974ರಲ್ಲಿ ಒಂದು ಪ್ರಶ್ನಾವಳಿ ಮಾಡಿದ್ದರು. ಅಕ್ಕೋರು ಅದನ್ನು ನಮ್ಮ ಮಾತಿಗೆ ಇಳಿಸಿದರು: ಗುದ್ದಾಡುವುದು, ಜಾರಿಕೊಳ್ಳುವುದು, ಬಿಟ್ಟುಕೊಡುವುದು, ಅರ್ಧಕ್ಕರ್ಧ ಮಾಡುವುದು, ಕೂಡಿ ದಾರಿ ಹುಡುಕುವುದು. ಇದರಲ್ಲಿ ಒಳ್ಳೆಯದು ಕೆಟ್ಟದ್ದು ಎಂದಿಲ್ಲ, ಹೊತ್ತು ನೋಡಿ ಬಳಸಬೇಕು. ಅಡುಗೆ ಕೋಣೆಯ ಗ್ಯಾಸ್ ಹತ್ತಿರ ಮಕ್ಕಳು ನೂಕಾಡುತ್ತಿದ್ದರೆ ವಿಚಾರಣೆಗೆ ಕೂರಬಾರದು, ಗದರಿಸಿ ಹೊರಗೆ ಎಳೆಯಬೇಕು. ಅಳಿದುಳಿದ ಬಳಪದ ಚೂರಿಗೆ ಜಗಳವಾದರೆ ಕಂಡೂ ಕಾಣದಂತೆ ಇರಬಹುದು. ನಮ್ಮ ತೊಂದರೆ ಏನೆಂದರೆ ಐದು ಉಪಕರಣ ಇದ್ದರೂ ನಾವು ಬಳಸುವುದು ಮೊದಲನೆಯದನ್ನು ಮಾತ್ರ, ಅದೂ ನಮಗಿಂತ ಸಣ್ಣವರ ಮೇಲೆ. ಮೇಲಧಿಕಾರಿ ಎದುರಿಗಿದ್ದರೆ ಎಲ್ಲರೂ ಎರಡನೆಯದಕ್ಕೆ ಇಳಿಯುತ್ತೇವೆ.

ಸಿಟ್ಟು ‘ಬರುತ್ತದೆ’

ಎರಡನೇ ದಿನ ಮಾತಿನ ಮೇಲೆ ಹೋಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಮಕ್ಕಳ ಕೈಲಿ ವಿಸ್ತರಿಸಿ ಬರೆಸಿದವರೇ. ಆದರೆ ಮಾತು ಬಲ್ಲವರಾಗುವುದು ಹೇಗೆಂದು ಆ ಪ್ರಬಂಧದಲ್ಲಿ ಯಾರೂ ಬರೆಸುವುದಿಲ್ಲ.

ಥಾಮಸ್ ಗಾರ್ಡನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಶಿಕ್ಷಕರಿಗಾಗಿಯೇ ಒಂದು ಪುಸ್ತಕ ಪ್ರಕಟಿಸಿದರು. ಅದರ ಸಾರ ಸರಳ. ‘ನೀನು’ ಎಂದು ಶುರುವಾಗುವ ಮಾತು ಎದುರಿನವನನ್ನು ಚುಚ್ಚುತ್ತದೆ. ‘ನಾನು’ ಎಂದು ಶುರುವಾಗುವ ಮಾತು ನಮ್ಮ ಸ್ಥಿತಿಯನ್ನು ತಿಳಿಸುತ್ತದೆ. ಕನ್ನಡದಲ್ಲಿ ಇದು ಇನ್ನೂ ಸೂಕ್ಷ್ಮ, ಯಾಕೆಂದರೆ ನಮ್ಮಲ್ಲಿ ‘ನೀನು’ ಎನ್ನುವುದು ಕ್ರಿಯಾಪದದ ಬಾಲದಲ್ಲೇ ಅಡಗಿರುತ್ತದೆ. ‘ಬರೀ ಗದ್ದಲ ಮಾಡ್ತೀ’ ಎಂದಾಗ ‘ನೀನು’ ಎಂದು ಬಾಯಿಬಿಟ್ಟು ಹೇಳದಿದ್ದರೂ ಬೆರಳು ಅವನತ್ತಲೇ.

ಆದರೆ ಕನ್ನಡ ನಮಗೆ ಒಂದು ಉಪಕಾರವನ್ನೂ ಮಾಡಿಟ್ಟಿದೆ. ‘ನನಗೆ ಸಿಟ್ಟು ಬಂತು’ ಎನ್ನುತ್ತೇವೆ. ನಿದ್ದೆ ಬಂದ ಹಾಗೆ, ಜ್ವರ ಬಂದ ಹಾಗೆ, ನೆಂಟರು ಬಂದ ಹಾಗೆ ಸಿಟ್ಟೂ ನಮ್ಮಲ್ಲಿಗೆ ಬರುತ್ತದೆ, ಹೋಗುತ್ತದೆ. ನನಗೂ ಸಿಟ್ಟಿಗೂ ನಡುವೆ ಒಂದು ಹೆಜ್ಜೆ ಜಾಗವಿದೆಯೆಂದು ನಮ್ಮ ವ್ಯಾಕರಣವೇ ಹೇಳುತ್ತದೆ. ಅಕ್ಕೋರು ಆ ಜಾಗದಲ್ಲಿ ನಿಲ್ಲುವುದನ್ನು ಕಲಿಸಿದರು. ಸಿಟ್ಟು ಬಂದಾಗ ಕೈಲಿರುವ ಸೀಮೆಸುಣ್ಣವನ್ನು ಮೇಜಿನ ಮೇಲಿಡಿ, ಮೂರು ಸಲ ಉಸಿರು ಎಳೆದುಬಿಡಿ, ಆಮೇಲೆ ಬಾಯಿ ತೆರೆಯಿರಿ. ಕೇಳಿದಾಗ ನಗು ಬಂತು. ಮಾಡಿದಾಗ ಕೆಲಸ ಮಾಡಿತು.

ಹಿಂಸೆಯಿಲ್ಲದ ಸಂವಹನದ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಮಾರ್ಷಲ್ ರೋಸೆನ್‌ಬರ್ಗ್ ಅವರ ನಾಲ್ಕು ಮೆಟ್ಟಿಲನ್ನು ನಾವು ಕನ್ನಡದಲ್ಲಿ ಹೀಗೆ ಬರೆದುಕೊಂಡೆವು: ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೇಳುವುದು. ‘ನೀ ಸೋಮಾರಿ, ಎಂದೂ ಹೋಮ್‌ವರ್ಕ್ ತರೂದಿಲ್ಲ’ ಎನ್ನುವ ಬದಲು, ‘ಈ ವಾರ ಮೂರು ದಿನ ನಿನ್ನ ಹೋಮ್‌ವರ್ಕ್ ಬಂದಿಲ್ಲ. ನನಗ ಚಿಂತಿ ಆಗೇತಿ. ನಿನಗ ಲೆಕ್ಕ ತಿಳದೈತೋ ಇಲ್ಲೋ ನನಗ ಗೊತ್ತಾಗಬೇಕು. ಬಿಡುವಿನಾಗ ಐದು ನಿಮಿಷ ಬರತೀಯೇನು?’ ಎನ್ನುವುದು. ‘ಎಂದೂ’, ‘ಯಾವಾಗಲೂ’ ಎಂಬ ಎರಡು ಮಾತನ್ನು ತೆಗೆದುಹಾಕಿದರೇ ಅರ್ಧ ಜಗಳ ಇಳಿಯುತ್ತದೆಂದು ಅಂದು ತಿಳಿಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಕೇಳಿಸಿಕೊಳ್ಳುವ ಅಭ್ಯಾಸ. ಒಬ್ಬರು ಎರಡು ನಿಮಿಷ ತಮ್ಮ ಕಷ್ಟ ಹೇಳಬೇಕು. ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಿ, ಕೇಳಿದ್ದನ್ನು ತಿರುಗಿ ಹೇಳಬೇಕು. ಪಿಟಿ ಮಾಸ್ತರರು ತಮ್ಮ ವರ್ಗಾವಣೆಯ ಗೋಳು ಹೇಳಿದರು. ತಿರುಗಿ ಹೇಳಲು ಹೊರಟಾಗ ನನ್ನ ಬಾಯಲ್ಲಿ ಬಂದದ್ದೆಲ್ಲ ಸಲಹೆ. ಅವರು ಹೇಳುತ್ತಿದ್ದಾಗ ನಾನು ಉತ್ತರ ತಯಾರು ಮಾಡುತ್ತಿದ್ದೆ, ಅಷ್ಟೇ. ಇಪ್ಪತ್ತು ವರ್ಷ ಮಕ್ಕಳಿಗೆ ‘ಕಿವಿಗೊಟ್ಟು ಕೇಳ್ರಿ’ ಎಂದವನಿಗೆ ಎರಡು ನಿಮಿಷ ಕಿವಿ ಕೊಡಲು ಆಗಲಿಲ್ಲ.

ನಾಲ್ಕು ಪ್ರಶ್ನೆಯ ರಟ್ಟು

ಮೂರನೇ ದಿನ ಕೈಗೆ ಬಂದದ್ದು ನಾಲ್ಕು ಪ್ರಶ್ನೆ. ಇವಕ್ಕೂ ಒಂದು ಇತಿಹಾಸವಿದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಶಾಲೆಯೊಂದರಲ್ಲಿ 1994ರಲ್ಲಿ ಗಂಭೀರ ಹೊಡೆದಾಟವಾದಾಗ ಅಲ್ಲಿನ ಮಾರ್ಗದರ್ಶಕಿ ಮಾರ್ಗರೆಟ್ ಥಾರ್ಸ್‌ಬೋರ್ನ್ ಹೊಡೆದವರು, ಪೆಟ್ಟು ತಿಂದವರು ಮತ್ತು ಎರಡೂ ಕಡೆಯ ಮನೆಯವರನ್ನು ಒಂದೇ ಕಡೆ ಕೂರಿಸಿ ಮಾತಾಡಿಸಿದರು. ಯಾವ ನಿಯಮ ಮುರಿಯಿತು, ಏನು ಶಿಕ್ಷೆ ಎಂಬ ದಾರಿ ಬಿಟ್ಟು, ಯಾರಿಗೆ ಏನು ಹಾನಿಯಾಯಿತು, ಅದನ್ನು ಹೇಗೆ ಸರಿಮಾಡುವುದು ಎಂಬ ದಾರಿ ಅದು. ಆಮೇಲೆ ಅನೇಕ ದೇಶಗಳ ಶಾಲೆಗಳು ಇದನ್ನು ಕೈಗೆತ್ತಿಕೊಂಡವು.

ನನ್ನ ತರಗತಿಯಲ್ಲಿ ಬೋರ್ಡಿನ ಪಕ್ಕ ಒಂದು ರಟ್ಟು ಅಂಟಿಸಿದ್ದೇನೆ. ಅದರ ಮೇಲೆ ಹೀಗಿದೆ: ಏನಾತು? ಆಗ ನಿನ್ನ ಮನಸ್ಸಿನ್ಯಾಗ ಏನಿತ್ತು? ಇದರಿಂದ ಯಾರಿಗೆ ಏನು ನೋವಾತು? ಸರಿ ಮಾಡಾಕ ಏನು ಮಾಡೋಣ?

‘ಯಾಕೆ ಮಾಡಿದಿ?’ ಎಂಬ ಪ್ರಶ್ನೆ ಅದರಲ್ಲಿಲ್ಲ. ‘ಯಾಕೆ’ ಎಂದು ಕೇಳಿದ ಕೂಡಲೇ ಮಗು ವಕೀಲನಾಗುತ್ತದೆ, ಕಾರಣ ಹುಡುಕುತ್ತದೆ. ‘ಏನಾತು’ ಎಂದರೆ ಸಾಕ್ಷಿಯಾಗುತ್ತದೆ.

ಮೊದಮೊದಲು ನಾನು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆ. ಒಂದು ಮಧ್ಯಾಹ್ನ ಏಳನೇ ತರಗತಿಯ ಹುಡುಗನೊಬ್ಬನನ್ನು ನಿಲ್ಲಿಸಿಕೊಂಡು ಮೂರನೇ ಪ್ರಶ್ನೆಗೆ ಬಂದಿದ್ದೆ. ಅವನು ಮೈದಾನದ ಕಡೆ ಒಮ್ಮೆ ನೋಡಿ ಕೈ ಮುಂದೆ ಚಾಚಿದ: “ಸರ್ರ, ಹೊಡೆದು ಬಿಟ್ಟಬಿಡ್ರಿ, ಲಗೂ ಮುಗೀತೈತಿ.” ಹೊಡೆತ ಅಗ್ಗ ಎಂದು ಅವನಿಗೆ ಗೊತ್ತಿತ್ತು. ಎರಡು ಏಟು ತಿಂದರೆ ಲೆಕ್ಕ ಚುಕ್ತಾ, ಯಾರ ಮುಖವನ್ನೂ ನೋಡಬೇಕಿಲ್ಲ, ಏನನ್ನೂ ಸರಿಮಾಡಬೇಕಿಲ್ಲ. ಶಿಕ್ಷೆ ಕೊಡದಿದ್ದರೆ ಮಕ್ಕಳು ಸಡಿಲಾಗುತ್ತಾರೆ ಎನ್ನುವವರಿಗೆ ನಾನು ಈ ಹುಡುಗನ ಮಾತನ್ನು ಹೇಳುತ್ತೇನೆ.

ಒಂದು ಮೈದಾನ, ಎರಡು ತಂಡ

ತರಬೇತಿ ಫಲ ಕೊಟ್ಟ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ. ನಮ್ಮ ಶಾಲೆಗಿರುವುದು ಒಂದೇ ಮೈದಾನ. ಆಗಸ್ಟಿನ ವಲಯ ಮಟ್ಟದ ಕ್ರೀಡಾಕೂಟಕ್ಕೆ ಹುಡುಗಿಯರು ಖೋ-ಖೋ ಅಭ್ಯಾಸ ಮಾಡಬೇಕು. ಹುಡುಗರಿಗೆ ಕ್ರಿಕೆಟ್. ಒಂದು ದಿನ ಖೋ-ಖೋ ಕಂಬ ಕಿತ್ತು ಬಿದ್ದಿತ್ತು, ಒಬ್ಬಳ ಬೆನ್ನಿಗೆ ಚೆಂಡು ಬಡಿದಿತ್ತು. ಎರಡೂ ತಂಡ ನನ್ನ ಮುಂದೆ.

ಹಳೆಯ ನಾನಾಗಿದ್ದರೆ ಸುಣ್ಣದ ಗೆರೆ ಎಳೆದು ಮೈದಾನವನ್ನು ಅರ್ಧಕ್ಕರ್ಧ ಮಾಡುತ್ತಿದ್ದೆ. ಗಣಿತದ ಪ್ರಕಾರ ಅದು ಸರಿ. ಆದರೆ ಅರ್ಧ ಮೈದಾನದಲ್ಲಿ ಖೋ-ಖೋ ಅಂಕಣವೂ ಹಿಡಿಯುವುದಿಲ್ಲ, ಕ್ರಿಕೆಟ್ಟೂ ಆಗುವುದಿಲ್ಲ. ಇಬ್ಬರಿಗೂ ಸಮಪಾಲು ಸಿಕ್ಕು ಇಬ್ಬರ ಆಟವೂ ಕೆಡುತ್ತಿತ್ತು.

ಬೇವಿನ ಮರದ ಕೆಳಗೆ ಎಲ್ಲರನ್ನೂ ದುಂಡಗೆ ಕೂರಿಸಿದೆ. ಡಸ್ಟರ್ ಯಾರ ಕೈಯಲ್ಲಿದೆಯೋ ಅವರದು ಮಾತು, ಉಳಿದವರದು ಕಿವಿ. ‘ಮೈದಾನ ಬೇಕು’ ಎನ್ನುವುದನ್ನು ಬಿಟ್ಟು, ಯಾವಾಗ ಬೇಕು, ಯಾಕೆ ಆಗಲೇ ಬೇಕು ಎಂದು ಹೇಳಲು ಕೇಳಿದೆ. ಡಸ್ಟರ್ ಖೋ-ಖೋ ತಂಡದ ನಾಯಕಿಯ ಕೈಗೆ ಬಂತು.

“ಸಾಲಿ ಬಿಟ್ಟ ಮ್ಯಾಲ ನಮಗ ನಿಲ್ಲಾಕ ಬಿಡಂಗಿಲ್ರಿ ಮನ್ಯಾಗ. ನೀರು ತರಬೇಕ್ರಿ, ತಮ್ಮನ್ನ ನೋಡ್ಕೋಬೇಕ್ರಿ. ನಮಗ ಇರೂದು ಉಣ್ಣೂ ಬಿಡುವು ಒಂದ.”

ಹುಡುಗರು ಮುಖ ಮುಖ ನೋಡಿಕೊಂಡರು. ಅದೇ ಓಣಿಯ ಮಕ್ಕಳು, ಕೆಲವರು ಅಣ್ಣತಂಗಿಯರು. ಆದರೂ ಈ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಆಮೇಲೆ ಹುಡುಗರ ಕಡೆಯವನು ಅಂದ: “ಬಿಸಲಾಗ ನಮಗೂ ಅಷ್ಟ ಆಡಾಕ ಆಗಂಗಿಲ್ರಿ. ಇಡೀ ಮೈದಾನ ನಮ್ದು ಅಂದ್ರಲ್ರಿ, ಅದಕ್ಕ ಸಿಟ್ಟು ಬಂತು.”

ತೀರ್ಪು ನಾನು ಕೊಡಬೇಕಾಗಲಿಲ್ಲ. ಕ್ರೀಡಾಕೂಟ ಮುಗಿಯುವವರೆಗೆ ಊಟದ ಬಿಡುವೂ ಆಟದ ಪೀರಿಯಡ್ಡೂ ಖೋ-ಖೋಗೆ, ಶಾಲೆ ಬಿಟ್ಟ ಮೇಲೆ ಕ್ರಿಕೆಟ್ಟಿಗೆ. ಕಂಬ ನೆಡುವುದು ಕಿತ್ತವರ ಕೆಲಸ. ಎಲ್ಲ ಮುಗಿಯಿತು ಎಂದಾಗ ಐದನೇ ತರಗತಿಯ ಒಬ್ಬಳು ಡಸ್ಟರ್ ಕೇಳಿದಳು: “ಮತ್ತ ನಮಗ ಕ್ರಿಕೆಟ್ ಯಾವಾಗ್ರಿ?” ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಕೂಡಿ ಆಡುವುದೆಂದಾಯಿತು.

ಇದಕ್ಕೆ ಹಿಡಿದದ್ದು ಮೂವತ್ತೈದು ನಿಮಿಷ, ಎಂದರೆ ಒಂದು ಗಣಿತದ ಪೀರಿಯಡ್. ಕ್ರೀಡಾಕೂಟ ಮುಗಿಯುವವರೆಗೆ ಮೈದಾನದ ದೂರು ಮತ್ತೆ ಬಂದದ್ದು ಎರಡೇ ಸಲ. ಆದರೆ ದೊಡ್ಡ ಮಾತು ಹೇಳಿಕೊಳ್ಳಲಾರೆ. ಹುಡುಗಿಯರಿಗೆ ಮಾತ್ರ ಮನೆಗೆಲಸ ಯಾಕೆ ಎಂಬ ಪ್ರಶ್ನೆಯನ್ನು ನಾವು ಮುಟ್ಟಲಿಲ್ಲ, ಅದನ್ನು ಒಪ್ಪಿಕೊಂಡೇ ದಾರಿ ಹುಡುಕಿದೆವು. ಮುಂದಿನ ಪಾಲಕರ ಸಭೆಯಲ್ಲಿ ಆ ಮಾತು ಎತ್ತಿದೆ. ಕೆಲವರು ನಕ್ಕರು. ಇಬ್ಬರು ತಾಯಂದಿರು ನಗಲಿಲ್ಲ.

ಪಾಲಕರ ವಿಷಯದಲ್ಲೂ ಕಲಿತದ್ದು ಉಪಯೋಗಕ್ಕೆ ಬಂದಿದೆ. ಸಿಟ್ಟಿನಿಂದ ಶಾಲೆಗೆ ಬಂದ ತಂದೆಯನ್ನು ವರಾಂಡದಲ್ಲಿ, ಮಕ್ಕಳ ಎದುರು ಮಾತಾಡಿಸಬಾರದು. ಅಲ್ಲಿ ಇಬ್ಬರಿಗೂ ಹಿಂದೆ ಸರಿಯಲು ಜಾಗವಿರುವುದಿಲ್ಲ. ಒಳಗೆ ಕರೆದು, “ಕುಂದ್ರಿ ಯಜಮಾನ್ರ, ನೀರು ಕುಡೀರಿ” ಎಂದು, ಅವರು ಹೇಳುವುದೆಲ್ಲ ಮುಗಿದ ಮೇಲೆ “ಎಲ್ಲರ ಎದುರಿಗೆ ಮಗನಿಗೆ ಅವಮಾನ ಆತು ಅಂತ ನಿಮ್ಮ ನೋವು, ಹೌದಲ್ರಿ?” ಎಂದು ಅವರ ಮಾತನ್ನೇ ತಿರುಗಿ ಹೇಳಬೇಕು. ‘ಹೌದ್ರಿ’ ಎಂದ ಕೂಡಲೇ ದನಿ ಇಳಿಯುತ್ತದೆ. ತಪ್ಪು ನಮ್ಮದಿದ್ದರೆ ಒಪ್ಪಿಕೊಳ್ಳಬೇಕು. ಅದರಿಂದ ಮಾಸ್ತರಿಕೆ ಕಡಿಮೆಯಾಗುವುದಿಲ್ಲ.

ರಾಜಿ ಮಾಡಬಾರದ ಕಡೆ

ಇಲ್ಲಿ ಒಂದು ಗೆರೆ ಎಳೆಯಬೇಕು. ನಮ್ಮ ಊರುಗಳಲ್ಲಿ ‘ರಾಜಿ’ ಎಂಬ ಪದಕ್ಕೆ ಕೆಟ್ಟ ನೆನಪುಗಳೂ ಇವೆ. ಬಡವನನ್ನು, ಹೆಣ್ಣನ್ನು, ಕೆಳಗಿಟ್ಟವರನ್ನು ‘ಆಗಿದ್ದಾತು, ಬಿಡು’ ಎಂದು ಬಾಯಿ ಮುಚ್ಚಿಸಿದ ಪಂಚಾಯ್ತಿಗಳೂ ರಾಜಿಯ ಹೆಸರಿನಲ್ಲೇ ನಡೆದಿವೆ. ಸಮಬಲದ ಇಬ್ಬರ ನಡುವಿನದು ಜಗಳ. ಒಬ್ಬನನ್ನು ಹತ್ತು ಜನ ದಿನವೂ ಕಾಡಿದರೆ ಅದು ಜಗಳವಲ್ಲ, ಕಿರುಕುಳ. ಅಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಪೆಟ್ಟು ತಿಂದವನಿಗೆ ಎರಡನೇ ಪೆಟ್ಟು.

ಊಟದ ಸಾಲಿನಲ್ಲಿ ಒಂದು ಮಗು ‘ಅವಳ ಬಾಜೂಕ ಕುಂದ್ರಂಗಿಲ್ಲ’ ಎಂದು ಜಾತಿಯ ಕಾರಣಕ್ಕೆ ಅಂದರೆ ಇಬ್ಬರಿಗೂ ಒಪ್ಪುವ ದಾರಿ ಹುಡುಕುವಂತಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನು ನಿಷೇಧಿಸಿದೆ. ಎರಡರ ಸಂಖ್ಯೆಯೂ ಒಂದೇ, ಗಣಿತದ ಮಾಸ್ತರನಿಗೆ ನೆನಪಿಡುವುದು ಸುಲಭ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ಶಾಲೆಯೊಳಗೆ ಮಾತುಕತೆ ನಡೆಸುವ ಅಧಿಕಾರ ಯಾರಿಗೂ ಇಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098 ಎಲ್ಲ ಮಕ್ಕಳಿಗೂ ಬಾಯಿಪಾಠವಾಗಿರಬೇಕು. ಯಾವುದನ್ನು ಬಗೆಹರಿಸಬೇಕು, ಯಾವುದನ್ನು ಮುಂದಕ್ಕೆ ಒಯ್ಯಬೇಕು ಎಂಬ ವಿವೇಕ ಕಲಿಸದ ತರಬೇತಿ ಅಪಾಯಕಾರಿ.

ಹಾಲ್‌ನಿಂದ ತರಗತಿಗೆ

ಇಂಥ ತರಬೇತಿಗೆ ನಿಜವಾಗಿ ಫಲವಿದೆಯೇ? ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ 1985ರಲ್ಲಿ ಲಿಂಡಾ ಲಾಂಟಿಯೆರಿ ಮತ್ತು ಟಾಮ್ ರೋಡರಿಕ್ ಜಗಳ ಪರಿಹಾರದ ಒಂದು ಕಾರ್ಯಕ್ರಮ ಶುರು ಮಾಡಿದರು. ಲಾರೆನ್ಸ್ ಏಬರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಲ್ಲಿನ ಹನ್ನೊಂದು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಶಾಲಾ ಮಕ್ಕಳ ಮೇಲೆ ಅದರ ಪರಿಣಾಮ ಅಳೆದರು. ಯಾರ ಶಿಕ್ಷಕರು ಆ ಪಾಠಗಳನ್ನು ವರ್ಷವಿಡೀ ಹೆಚ್ಚು ಹೆಚ್ಚು ನಡೆಸಿದರೋ ಆ ಮಕ್ಕಳಲ್ಲಿ ಜಗಳಗಂಟತನ ಬೆಳೆಯುವ ವೇಗ ಕಡಿಮೆಯಾಗಿತ್ತು. ತರಬೇತಿ ಪಡೆದೂ ಕೆಲವೇ ಪಾಠ ಮಾಡಿದ ಶಿಕ್ಷಕರ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಸಹಿ ಮಾಡಿ ಮಿರ್ಚಿ ತಿಂದು ಬಂದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಪ್ರಯೋಗ 2016ರಲ್ಲಿ ಪ್ರಕಟವಾಯಿತು. ಜೇಸನ್ ಒಕೊನೊಫುವ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಐದು ಶಾಲೆಗಳ 31 ಗಣಿತ ಶಿಕ್ಷಕರನ್ನು ಆರಿಸಿಕೊಂಡರು. ಕೆಲವರಿಗೆ ಎರಡು ಕಂತಿನಲ್ಲಿ, ಒಟ್ಟು ಸುಮಾರು 70 ನಿಮಿಷ, ಶಿಸ್ತಿನ ಹೊತ್ತಿನಲ್ಲಿ ಮಗುವಿನ ಕಣ್ಣಿನಿಂದ ನೋಡುವ ಬಗೆಯನ್ನು ಓದಿಸಿ ಬರೆಸಿದರು. ಉಳಿದವರ ತರಗತಿಗಳಲ್ಲಿ ಆ ವರ್ಷ ಶೇ 9.6 ಮಕ್ಕಳು ಶಾಲೆಯಿಂದ ಅಮಾನತಾದರೆ, ಇವರ ತರಗತಿಗಳಲ್ಲಿ ಶೇ 4.8. ಗಣಿತ ಶಿಕ್ಷಕರನ್ನೇ ಯಾಕೆ ಆರಿಸಿಕೊಂಡರೋ ನಾನು ವಿಚಾರಿಸಲು ಹೋಗುವುದಿಲ್ಲ.

ನಮ್ಮಲ್ಲೂ ನೆಲ ಸಿದ್ಧವಿದೆ. 2019ರ ಆಗಸ್ಟಿನಲ್ಲಿ ಆರಂಭವಾದ, ಕೇಂದ್ರ ಸರಕಾರದ ‘ನಿಷ್ಠಾ’ ಶಿಕ್ಷಕ ತರಬೇತಿಯಲ್ಲಿ ವೈಯಕ್ತಿಕ-ಸಾಮಾಜಿಕ ಗುಣಗಳು ಮತ್ತು ಸುರಕ್ಷಿತ ಶಾಲಾ ವಾತಾವರಣದ ಬಗ್ಗೆ ಒಂದು ಘಟಕವಿತ್ತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ತರಬೇತಿ ಪಡೆಯಬೇಕು ಎನ್ನುತ್ತದೆ. ಆದರೆ ಮೊಬೈಲಿನಲ್ಲಿ ವಿಡಿಯೊ ಓಡಿಸಿ ಪ್ರಮಾಣಪತ್ರ ಇಳಿಸಿಕೊಂಡು ಜಗಳ ಬಿಡಿಸಲು ಕಲಿಯಲಾಗದು, ದಡದಲ್ಲಿ ಕುಳಿತು ಈಜು ಕಲಿಯಲಾಗದ ಹಾಗೆ. ಎದುರಿಗೆ ಮನುಷ್ಯರಿರಬೇಕು, ತಪ್ಪಬೇಕು, ಮತ್ತೆ ಮಾಡಬೇಕು.

ನಾನು ಕೇಳುವುದು ಇಷ್ಟು. ಆ 50 ಗಂಟೆಗಳಲ್ಲಿ ಆರು ಗಂಟೆ ಇದಕ್ಕೆ ಕೊಡಿ, ಎದುರುಬದುರು ಕೂರಿಸಿ ಕೊಡಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಅಂಕಿಅಂಶ ತುಂಬುವ ಕೆಲಸದ ನಡುವೆ ಅರ್ಧ ಗಂಟೆ ತೆಗೆದು, ಈ ತಿಂಗಳು ಬಿಡಿಸಲಾಗದ ಒಂದು ಜಗಳವನ್ನು ಪ್ರತಿ ಶಿಕ್ಷಕರೂ ಹೇಳಲಿ, ಉಳಿದವರು ಕೇಳಲಿ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಓದುತ್ತಿರುವ ಭಾವೀ ಶಿಕ್ಷಕರಿಗೆ ಇದು ಮೊದಲ ವರ್ಷದಲ್ಲೇ ಸಿಗಲಿ. ನನ್ನ ಹಾಗೆ ಮಕ್ಕಳ ಮೇಲೆ ಪ್ರಯೋಗ ಮಾಡಿ ಕಲಿಯುವುದು ಬೇಡ. ಇದಕ್ಕೆ ಹೊಸ ಕಟ್ಟಡ ಬೇಡ, ಪ್ರೊಜೆಕ್ಟರ್ ಬೇಡ. ಒಂದು ದುಂಡಗಿನ ಜಾಗ, ಒಂದು ಡಸ್ಟರ್, ಆತುರವಿಲ್ಲದ ಒಬ್ಬ ಹಿರಿಯರು ಸಾಕು.

ಪಾಲಕರಿಗೂ ಒಂದು ಮಾತು. ಸಂಜೆ ಮಗು ಅಳುತ್ತಾ ಬಂದರೆ ‘ಯಾರು ಹೊಡೆದ್ರು?’ ಎಂದು ಕೇಳುವ ಮೊದಲು ‘ಏನಾತು?’ ಎಂದು ಕೇಳಿ, ಹೇಳಿ ಮುಗಿಸುವವರೆಗೆ ಸುಮ್ಮನಿರಿ.